ಎರಡು ಸಲ ಸೇವ್ ಒತ್ತಿದರೆ ಮಾತ್ರ ಸಿಗುವ ಲೇಖಕರು

ಪುಸ್ತಕದ ಹೆಸರು ಟೈಪ್ ಮಾಡಿದರೆ ಪುಸ್ತಕ ಸಿಗುತ್ತದೆ. ಬರೆದವರ ಹೆಸರು ಟೈಪ್ ಮಾಡಿದರೆ ಸಿಗುವುದಿಲ್ಲ. ಅದೇ ಪುಸ್ತಕವನ್ನು ಅಡ್ಮಿನ್‌ನಲ್ಲಿ, ಅಂದರೆ ಸಿಬ್ಬಂದಿ ನಮೂದಿಸುವ ಪುಟದಲ್ಲಿ, ಮತ್ತೆ ತೆರೆದು, ಏನೂ ಬದಲಿಸದೆ ಸುಮ್ನೆ ಇನ್ನೊಮ್ಮೆ ಸೇವ್ ಒತ್ತಿದರೆ ಆಮೇಲೆ ಸಿಗುತ್ತದೆ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಹೇಳಿಕೊಡುತ್ತಿದ್ದ ಮೊದಲ ಪಾಠವೇ ಇದು: "ಎಂಟ್ರಿ ಆದ ಮೇಲೆ ಎರಡು ಸಲ ಸೇವ್ ಮಾಡಿ ಮೇಡಂ, ಇಲ್ಲಾಂದ್ರೆ ಸರ್ಚಲ್ಲಿ ಬರಲ್ಲ."

ತಾಲ್ಲೂಕು ಕೇಂದ್ರವೊಂದರಲ್ಲಿ ಖಾಸಗಿ ಟ್ರಸ್ಟ್ ನಡೆಸುವ ಗ್ರಂಥಾಲಯ ಇದು. ಕ್ಯಾಟಲಾಗ್ ಆನ್‌ಲೈನ್‌ನಲ್ಲಿದೆ. ಜಾಂಗೊ ಅನ್ನುವ ಪೈಥಾನ್ ಚೌಕಟ್ಟಿನಲ್ಲಿ ಬರೆದ ಸೈಟ್, ಅದರ ಹಿಂದೆ ಪೋಸ್ಟ್‌ಗ್ರೆಸ್ ಡೇಟಾಬೇಸ್. ಹುಡುಕಾಟ ಸರಿಮಾಡಿಕೊಡಿ ಅಂತ ನನ್ನ ಕೈಗೆ ಬಂತು. ಇಂಥ ಕೆಲಸ ಬಂದಾಗ ಎಲ್ಲರಿಗೂ ಮೊದಲು ಬರುವ ಯೋಚನೆ, ಇದನ್ನು ಬಿಟ್ಟು ಬೇರೊಂದು ಸರ್ಚ್ ಎಂಜಿನ್ ಹಾಕಿಬಿಡೋಣ ಅಂತ. ಇಲ್ಲಿ ಅದರ ಅಗತ್ಯ ಇರಲಿಲ್ಲ. ಇದ್ದ ತೊಂದರೆ ಅದರಿಂದ ಹೋಗುತ್ತಲೂ ಇರಲಿಲ್ಲ. ಯಾಕೆ ಅನ್ನುವುದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಟೇಬಲ್‌ಗಳನ್ನು ನೋಡಿ. ಪುಸ್ತಕ ಅನ್ನುವುದು ಒಂದು. ಲೇಖಕ ಇನ್ನೊಂದು. ಇವೆರಡರ ನಡುವೆ ಒಂದು ಕೊಂಡಿ ಟೇಬಲ್. ಒಂದು ಪುಸ್ತಕಕ್ಕೆ ಹಲವು ಜನ ಇರಬಹುದು, ಒಬ್ಬರು ಹಲವು ಪುಸ್ತಕ ಬರೆದಿರಬಹುದು, ಅದಕ್ಕೆ. ಕೊಂಡಿಯಲ್ಲಿ "ಪಾತ್ರ" ಅನ್ನುವ ಕಾಲಂ ಇದೆ: ಲೇಖಕ, ಅನುವಾದಕ, ಸಂಪಾದಕ. ವಿಷಯಗಳಿಗೆ ಬೇರೆ ಟೇಬಲ್, ಪ್ರಕಾಶಕರಿಗೆ ಬೇರೆ. ಇಷ್ಟು ಎಲ್ಲ ಕಡೆ ಇರುವುದೇ. ಕನ್ನಡದ ಕ್ಯಾಟಲಾಗ್ ಆದ್ದರಿಂದ ಇನ್ನೂ ಒಂದು ಟೇಬಲ್ ಬೇಕಾಗಿತ್ತು, ಅದನ್ನು ಹಿಂದಿನವರು ಸರಿಯಾಗಿಯೇ ಮಾಡಿದ್ದರು. ಅದರ ಹೆಸರು "ಬೇರೆ ಹೆಸರು". ನಮ್ಮಲ್ಲಿ ಕಾವ್ಯನಾಮ ಇಲ್ಲದ ಕವಿ ಸಿಗುವುದು ಕಷ್ಟ ಅಲ್ವಾ? ಪುಟ್ಟಪ್ಪ ಅಂತ ಹುಡುಕಿದವರಿಗೆ ಕುವೆಂಪು ಸಿಗಬೇಕು. ಅಂಬಿಕಾತನಯದತ್ತ ಅಂತ ಹುಡುಕಿದವರಿಗೆ ಬೇಂದ್ರೆ ಸಿಗಬೇಕು. ಅನಸೂಯಾ ಶಂಕರ್ ಅಂತ ಹುಡುಕಿದವರಿಗೆ ತ್ರಿವೇಣಿ ಸಿಗಬೇಕು.

ಅಂದರೆ ಓದುಗರು ಟೈಪ್ ಮಾಡುವ ಪದ ಪುಸ್ತಕದ ಸಾಲಿನಲ್ಲಿ ಇರುವುದೇ ಇಲ್ಲ. ಪುಸ್ತಕದಿಂದ ಕೊಂಡಿಗೆ, ಕೊಂಡಿಯಿಂದ ಲೇಖಕರಿಗೆ, ಲೇಖಕರಿಂದ ಬೇರೆ ಹೆಸರಿಗೆ ಹೋದರೆ ಅಲ್ಲಿ ಸಿಗುತ್ತದೆ.

ಮೊದಲ ಪ್ರಯತ್ನ: ಹುಡುಕುವಾಗಲೇ ಜೋಡಿಸುವುದು

ಪೋಸ್ಟ್‌ಗ್ರೆಸ್‌ನ ಫುಲ್-ಟೆಕ್ಸ್ಟ್ ಸರ್ಚ್‌ಗೆ (ಪಠ್ಯದೊಳಗಿನ ಪದಗಳನ್ನು ಹುಡುಕುವ ಸೌಲಭ್ಯ) ಜಾಂಗೊ 1.10ರಿಂದಲೇ, ಅಂದರೆ 2016ರಿಂದಲೇ ಬೆಂಬಲ ಇದೆ. ಸರ್ಚ್‌ವೆಕ್ಟರ್ ಅನ್ನುವುದಕ್ಕೆ ಕಾಲಂ ಹೆಸರುಗಳನ್ನು ಕೊಟ್ಟರೆ ಅವುಗಳ ಪಠ್ಯವನ್ನು ಪದಪದವಾಗಿ ಒಡೆದು ಕೊಡುತ್ತದೆ. ಹಾಗೆ ಒಡೆದ ಪದಗಳ ಪಟ್ಟಿಯೇ ವೆಕ್ಟರ್. ಎರಡು ಅಂಡರ್‌ಸ್ಕೋರ್ ಹಾಕಿ ಪಕ್ಕದ ಟೇಬಲ್ಲಿನ ಕಾಲಮ್ಮನ್ನೂ ಕೊಡಬಹುದು. ಈ ಸೈಟಿನ ಮೊದಲ ಆವೃತ್ತಿಯಲ್ಲಿ ಹಾಗೇ ಮಾಡಿದ್ದರು: ಪುಸ್ತಕದ ಶೀರ್ಷಿಕೆ, ಲೇಖಕರ ಹೆಸರು, ಎರಡನ್ನೂ ಸೇರಿಸಿ ಹುಡುಕು. ಫಾರಿನ್ ಕೀ ಇರುವ ಕಡೆ, ಅಂದರೆ ಒಂದು ಪುಸ್ತಕಕ್ಕೆ ಒಬ್ಬರೇ ಪ್ರಕಾಶಕರು ಇರುವ ಕಡೆ, ಇದು ಸಲೀಸಾಗಿ ನಡೆಯುತ್ತದೆ. ಹಲವರಿಗೆ ಹಲವರು ಇರುವ ಕಡೆ ಎಡವುತ್ತದೆ.

"ಊರ ಕೆರೆ" ಅನ್ನುವ ಪುಸ್ತಕ ಇದೆ, ನಾಗರಾಜ ಮತ್ತು ಸುಮಿತ್ರಾ ಸೇರಿ ಬರೆದದ್ದು ಅಂತ ಇಟ್ಟುಕೊಳ್ಳಿ. ಜಾಯಿನ್ ಮಾಡಿದಾಗ, ಅಂದರೆ ಟೇಬಲ್‌ಗಳನ್ನು ಜೋಡಿಸಿದಾಗ, ಡೇಟಾಬೇಸ್‌ಗೆ ಕಾಣುವುದು ಎರಡು ಸಾಲು. ಒಂದರಲ್ಲಿ "ಊರ ಕೆರೆ, ನಾಗರಾಜ". ಇನ್ನೊಂದರಲ್ಲಿ "ಊರ ಕೆರೆ, ಸುಮಿತ್ರಾ". "ಕೆರೆ" ಅಂತ ಹುಡುಕಿದರೆ ಅದೇ ಪುಸ್ತಕ ಎರಡು ಸಲ ಬರುತ್ತದೆ. ಇದು ಕಣ್ಣಿಗೆ ಕಾಣುವ ತಪ್ಪು. ಒಂದೇ ಫಲಿತಾಂಶ ಮತ್ತೆ ಬರದಂತೆ ಮಾಡುವ ಡಿಸ್ಟಿಂಕ್ಟ್ ಹಾಕಿ ಮುಚ್ಚಿದ್ದರು.

ಇದಕ್ಕಿಂತ ದೊಡ್ಡ ತಪ್ಪು ಕಾಣದೆ ಉಳಿದುಕೊಂಡಿತ್ತು. "ನಾಗರಾಜ ಸುಮಿತ್ರಾ" ಅಂತ ಇಬ್ಬರ ಹೆಸರನ್ನೂ ಕೊಟ್ಟು ಹುಡುಕಿ ನೋಡಿ. ಏನೂ ಬರುವುದಿಲ್ಲ. ಕೊಟ್ಟ ಎಲ್ಲ ಪದಗಳೂ ಇರಬೇಕು ಅನ್ನುವುದು ಸಾಮಾನ್ಯ ಹುಡುಕಾಟದ ನಿಯಮ. ಮೊದಲ ಸಾಲಿನಲ್ಲಿ ಸುಮಿತ್ರಾ ಇಲ್ಲ, ಎರಡನೆಯದರಲ್ಲಿ ನಾಗರಾಜ ಇಲ್ಲ. ಪುಸ್ತಕದಲ್ಲಿ ಇಬ್ಬರೂ ಇದ್ದಾರೆ, ಆದರೆ ಯಾವ ಒಂದು ಸಾಲಿನಲ್ಲೂ ಇಬ್ಬರೂ ಒಟ್ಟಿಗಿಲ್ಲ. ಹೆಚ್ಚು ಮಾಹಿತಿ ಕೊಟ್ಟು ಹುಡುಕಿದವರಿಗೇ ಪುಸ್ತಕ ಸಿಗದ ಸ್ಥಿತಿ. ಈ ದೂರು ಯಾರೂ ಕೊಟ್ಟಿರಲಿಲ್ಲ. ಸಿಗದಿದ್ದರೆ ಪುಸ್ತಕ ಇಲ್ಲ ಅಂದುಕೊಂಡು ಹೋಗುತ್ತಾರೆ ಅಷ್ಟೇ.

ಇದಕ್ಕೆ ಮದ್ದು ಸ್ಟ್ರಿಂಗ್‌ಆಗ್. ಒಂದು ಪುಸ್ತಕದ ಎಲ್ಲ ಲೇಖಕರನ್ನು ಒಂದೇ ಸಾಲಿನ ಪಠ್ಯವಾಗಿ ಪೋಣಿಸಿ, ಅದನ್ನು ಸರ್ಚ್‌ವೆಕ್ಟರ್‌ಗೆ ಕೊಡುವುದು. ಅದರಲ್ಲೂ ಒಂದು ಮರ್ಮ ಇದೆ. ಒಂದೇ ಕ್ವೆರಿಯಲ್ಲಿ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆ) ಲೇಖಕರನ್ನೂ ವಿಷಯಗಳನ್ನೂ ಪೋಣಿಸಿದರೆ ಜಾಯಿನ್‌ಗಳು ಒಂದಕ್ಕೊಂದು ಗುಣಿಸಿಕೊಳ್ಳುತ್ತವೆ. 3 ಲೇಖಕರು, 4 ವಿಷಯ ಇದ್ದರೆ 12 ಸಾಲು. ಪ್ರತಿ ಲೇಖಕರ ಹೆಸರು ನಾಲ್ಕು ಸಲ, ಪ್ರತಿ ವಿಷಯ ಮೂರು ಸಲ ಪಠ್ಯದಲ್ಲಿ ಸೇರುತ್ತದೆ. ಹುಡುಕಿದರೆ ಪುಸ್ತಕ ಸಿಗುತ್ತದೆ, ತಪ್ಪು ಅಂತ ಅನ್ನಿಸುವುದೇ ಇಲ್ಲ. ಆದರೆ ಪದ ಎಷ್ಟು ಸಲ ಬಂದಿದೆ ಅನ್ನುವುದನ್ನು ರ‍್ಯಾಂಕ್ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಜಾಸ್ತಿ ವಿಷಯ ಅಂಟಿಸಿದ ಪುಸ್ತಕ ಕಾರಣವೇ ಇಲ್ಲದೆ ಮೇಲೆ ಬಂದು ಕೂರುತ್ತದೆ. ಡಿಸ್ಟಿಂಕ್ಟ್ ಕೊಡಬಹುದು. ನನಗೆ ಸರಿ ಅನ್ನಿಸುವುದು ಪ್ರತಿಯೊಂದಕ್ಕೂ ಬೇರೆ ಬೇರೆ ಸಬ್‌ಕ್ವೆರಿ, ಅಂದರೆ ಕ್ವೆರಿಯೊಳಗೊಂದು ಪುಟ್ಟ ಕ್ವೆರಿ.

ಇಷ್ಟೆಲ್ಲ ಮಾಡಿದರೂ ಪ್ರತಿ ಹುಡುಕಾಟಕ್ಕೆ ಇಡೀ ಕ್ಯಾಟಲಾಗನ್ನು ಜೋಡಿಸಿ, ಒಡೆದು ನೋಡಬೇಕು. ಹಲವು ಟೇಬಲ್ಲಿನ ಪಠ್ಯಕ್ಕೆ ಒಂದೇ ಇಂಡೆಕ್ಸ್ ಮಾಡಲು ಪೋಸ್ಟ್‌ಗ್ರೆಸ್‌ನಲ್ಲಿ ದಾರಿ ಇಲ್ಲ. ಹಾಗಾಗಿ ಯಾವತ್ತಾದರೂ ಒಂದು ದಿನ ಎಲ್ಲರೂ ಒಂದೇ ತೀರ್ಮಾನಕ್ಕೆ ಬರುತ್ತಾರೆ: ಮೊದಲೇ ಜೋಡಿಸಿ ಒಂದು ಕಾಲಮ್ಮಿನಲ್ಲಿ ಇಟ್ಟುಬಿಡೋಣ, ಅದಕ್ಕೆ ಪದದಿಂದ ಸಾಲನ್ನು ಬೇಗ ಹುಡುಕಿಕೊಡುವ ಜಿನ್ ಇಂಡೆಕ್ಸ್ ಹಾಕೋಣ.

ಕಾಲಂ ಬಂತು, ಜೊತೆಗೆ ತೊಂದರೆಯೂ

ಪುಸ್ತಕದ ಟೇಬಲ್ಲಿಗೆ ಸರ್ಚ್‌ವೆಕ್ಟರ್‌ಫೀಲ್ಡ್, ಅಂದರೆ ವೆಕ್ಟರ್ ಇಡುವ ಕಾಲಂ, ಸೇರಿಸಿದ್ದರು. ಅದರೊಳಗೆ ಇರುವುದು ಹೀಗೆ ಕಾಣುತ್ತದೆ: 'ಊರ':1ಎ 'ಕೆರೆ':2ಎ 'ನಾಗರಾಜ':3ಬಿ 'ಸುಮಿತ್ರಾ':4ಬಿ. ಅಂಕಿ ಅಂದರೆ ಪದ ಎಷ್ಟನೆಯದು ಅಂತ. ಅಕ್ಷರ ಅಂದರೆ ತೂಕ. ಶೀರ್ಷಿಕೆಗೆ ಎ, ಲೇಖಕರಿಗೆ ಬಿ, ವಿಷಯಕ್ಕೆ ಸಿ. ನಾವು ಬೇರೆ ಹೇಳದಿದ್ದರೆ ಎ-ಗೆ 1.0, ಬಿ-ಗೆ 0.4, ಸಿ-ಗೆ 0.2, ಡಿ-ಗೆ 0.1 ಅಂತ ಪೋಸ್ಟ್‌ಗ್ರೆಸ್ ಹಿಡಿಯುತ್ತದೆ.

ಇದನ್ನು ತುಂಬಿಸುವುದು ಹೇಗೆ? ಎಲ್ಲ ಪುಸ್ತಕಕ್ಕೂ ಒಂದೇ ಅಪ್‌ಡೇಟ್ ಕೊಡಲು ಹೋದರೆ ಜಾಂಗೊ ಬಾಗಿಲಲ್ಲೇ ತಡೆಯುತ್ತದೆ: "ಜಾಯಿನ್ಡ್ ಫೀಲ್ಡ್ ರೆಫರೆನ್ಸಸ್ ಆರ್ ನಾಟ್ ಪರ್ಮಿಟೆಡ್ ಇನ್ ದಿಸ್ ಕ್ವೆರಿ." ಅಪ್‌ಡೇಟ್ ಒಳಗೆ ಪಕ್ಕದ ಟೇಬಲ್ಲಿಗೆ ನೇರವಾಗಿ ಕೈಹಾಕುವ ಹಾಗಿಲ್ಲ. ಸಬ್‌ಕ್ವೆರಿ ಮೂಲಕ ಹೋದರೆ ಬಿಡುತ್ತದೆ. ಇಲ್ಲಿ ಆ ದಾರಿ ಹಿಡಿಯದೆ, ಪುಸ್ತಕ ಸೇವ್ ಆದಾಗಲೆಲ್ಲ ಪೋಸ್ಟ್-ಸೇವ್ ಸಿಗ್ನಲ್‌ನಲ್ಲಿ (ಸೇವ್ ಆದ ಕೂಡಲೇ ಜಾಂಗೊ ಕೊಡುವ ಸೂಚನೆ) ಆ ಒಂದು ಪುಸ್ತಕದ ವೆಕ್ಟರ್ ಮಾಡಿ ಬರೆಯುತ್ತಿದ್ದರು.

ಎರಡು ಸಲ ಸೇವ್ ಮಾಡಬೇಕಾದ ಗುಟ್ಟು ಇಲ್ಲೇ ಇದೆ. ಜಾಂಗೊ ಅಡ್ಮಿನ್ ಮೊದಲು ಪುಸ್ತಕದ ಸಾಲನ್ನು ಸೇವ್ ಮಾಡುತ್ತದೆ. ಅದೇ ಫಾರ್ಮ್‌ನ ಒಳಗೆ ತುಂಬಿದ ಲೇಖಕರ ಸಾಲುಗಳನ್ನು (ಇನ್‌ಲೈನ್) ಆಮೇಲೆ ಬರೆಯುತ್ತದೆ. ಅದು ಹಾಗೇ ಆಗಬೇಕು, ಪುಸ್ತಕಕ್ಕೆ ಐಡಿ ಬರದೆ ಕೊಂಡಿ ಹಾಕುವುದೆಲ್ಲಿಗೆ? ಪೋಸ್ಟ್-ಸೇವ್ ಸಿಗ್ನಲ್ ಬರುವುದು ಮೊದಲ ಹೆಜ್ಜೆ ಮುಗಿದ ಕೂಡಲೇ. ಆಗ ಲೇಖಕರು ಇನ್ನೂ ಟೇಬಲ್ಲಿಗೆ ಬಂದಿಲ್ಲ. ವೆಕ್ಟರ್‌ನಲ್ಲಿ ಶೀರ್ಷಿಕೆ ಮಾತ್ರ ಸೇರುತ್ತದೆ. ಎರಡನೇ ಸಲ ಸೇವ್ ಒತ್ತಿದಾಗ ಹಿಂದಿನ ಸಲ ಬರೆದ ಲೇಖಕರು ಅಲ್ಲಿರುತ್ತಾರೆ, ವೆಕ್ಟರ್ ಪೂರ್ತಿಯಾಗುತ್ತದೆ. ಸಿಬ್ಬಂದಿ ಕಂಡುಕೊಂಡ ಉಪಾಯ ತಾಂತ್ರಿಕವಾಗಿ ಸರಿಯಾಗಿಯೇ ಇತ್ತು!

ಇದಕ್ಕೆ ಹಲವರಿಗೆ ಹಲವರ ಸಂಬಂಧ ಬದಲಾದಾಗ ಬರುವ ಎಂ-ಟು-ಎಂ-ಚೇಂಜ್ಡ್ ಸಿಗ್ನಲ್ ಇದೆಯಲ್ಲ ಅಂತ ಕೆಲವರು ಹೇಳುತ್ತಾರೆ. ಇಲ್ಲಿ ಅದು ಬರುವುದೇ ಇಲ್ಲ. ಆಡ್, ರಿಮೂವ್, ಸೆಟ್, ಕ್ಲಿಯರ್ ಮೂಲಕ ಸಂಬಂಧ ಬದಲಾದರೆ ಮಾತ್ರ ಅದು ಬರುತ್ತದೆ. ಪಾತ್ರದ ಕಾಲಂ ಇರುವ ಕೊಂಡಿ ಟೇಬಲ್ಲಿಗೆ ಇನ್‌ಲೈನ್ ಫಾರ್ಮ್‌ನಿಂದ ನೇರವಾಗಿ ಸಾಲು ಸೇರಿಸಿದರೆ ಆ ಸಾಲಿನ ಪೋಸ್ಟ್-ಸೇವ್ ಬರುತ್ತದೆ, ಅಷ್ಟೇ. ಎಂ-ಟು-ಎಂ-ಚೇಂಜ್ಡ್ ಬರುವ ಕಡೆಯಲ್ಲೂ ಜಾಗರೂಕರಾಗಿರಬೇಕು. ಲೇಖಕರ ಕಡೆಯಿಂದ ಕ್ಲಿಯರ್ ಮಾಡಿದರೆ ಯಾವ ಯಾವ ಪುಸ್ತಕ ಕಳಚಿಕೊಂಡವು ಅನ್ನುವ ಪಟ್ಟಿ ಸಿಗ್ನಲ್‌ನಲ್ಲಿ ಇರುವುದಿಲ್ಲ. ಕ್ಲಿಯರ್ ಆಗುವ ಮೊದಲೇ ನೋಡಿ ಇಟ್ಟುಕೊಳ್ಳಬೇಕು.

ಟ್ರಾನ್ಸಾಕ್ಷನ್ (ಆದರೆ ಎಲ್ಲ ಆಗಬೇಕು, ಇಲ್ಲದಿದ್ದರೆ ಯಾವುದೂ ಆಗಬಾರದು ಅನ್ನುವ ಬರವಣಿಗೆಗಳ ಗುಂಪು) ಮುಗಿದ ಮೇಲೆ ವೆಕ್ಟರ್ ಮಾಡು ಅಂತ ಆನ್-ಕಮಿಟ್ ಬಳಸಿದರೆ ಈ ಒಂದು ದೂರು ಮಾಯವಾಗುತ್ತದೆ. ಅಡ್ಮಿನ್ ಇಡೀ ಫಾರ್ಮನ್ನು ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಬರೆಯುವುದರಿಂದ, ಅದು ಮುಗಿಯುವ ಹೊತ್ತಿಗೆ ಲೇಖಕರೂ ಒಳಗಿರುತ್ತಾರೆ. ಒಂದು ಸಾಲಿನ ಬದಲಾವಣೆ. ಅಲ್ಲಿಗೇ ಕೈತೊಳೆದುಕೊಳ್ಳಬಹುದಿತ್ತು. ಆದರೆ ಡೇಟಾವನ್ನು ಸ್ವಲ್ಪ ಕೆದಕಿ ನೋಡಿದಾಗ ಎರಡು ಸಲ ಸೇವ್ ಮಾಡಿದ ಪುಸ್ತಕಗಳಲ್ಲೂ ಹಳಸಿದ ವೆಕ್ಟರ್‌ಗಳು ಸಿಕ್ಕವು.

ಎಲ್ಲೆಲ್ಲಿ ಸೋರುತ್ತಿತ್ತು

ಲೇಖಕರೊಬ್ಬರ ಹೆಸರಿನ ಕಾಗುಣಿತ ತಿದ್ದಿದರೆ ಬದಲಾಗುವುದು ಲೇಖಕರ ಟೇಬಲ್. ಅವರ ಪುಸ್ತಕಗಳು ಸೇವ್ ಆಗುವುದಿಲ್ಲ. ಹಾಗಾಗಿ ಅವರ ಎಲ್ಲ ಪುಸ್ತಕಗಳಲ್ಲೂ ಹಳೇ ಕಾಗುಣಿತವೇ ಉಳಿಯುತ್ತದೆ. ಕಾವ್ಯನಾಮ ಸೇರಿಸಿದರೂ ಅದೇ ಕತೆ. ಒಬ್ಬರ ಹೆಸರು ಎರಡು ಸಲ ನಮೂದಾಗಿತ್ತು ಅಂತ ಇಬ್ಬರನ್ನು ಒಂದು ಮಾಡುವ ಪುಟ್ಟ ಸ್ಕ್ರಿಪ್ಟ್ ಇತ್ತು. ಅದು ಹಲವು ಸಾಲುಗಳನ್ನು ಒಟ್ಟಿಗೆ ಬದಲಿಸುವ, ಕ್ವೆರಿಸೆಟ್‌ನ ಅಪ್‌ಡೇಟ್ ಬಳಸುತ್ತಿತ್ತು. ಅಪ್‌ಡೇಟ್ ಆಗಲಿ, ಬಲ್ಕ್-ಕ್ರಿಯೇಟ್ ಆಗಲಿ ಪೋಸ್ಟ್-ಸೇವ್ ಸಿಗ್ನಲ್ ಕಳಿಸುವುದಿಲ್ಲ. ದಾನವಾಗಿ ಬಂದ ಪುಸ್ತಕಗಳ ಪಟ್ಟಿಯನ್ನು ಯಾರೋ ಸೀದಾ ಡೇಟಾಬೇಸ್‌ಗೆ ಕಾಪಿ ಕಮಾಂಡಿನಿಂದ ತುಂಬಿದ್ದರು. ಅಲ್ಲಿ ಜಾಂಗೊ ಇದೆ ಅನ್ನುವುದೇ ಲೆಕ್ಕಕ್ಕಿಲ್ಲ.

ಈಗ ಬೇರೆ ಸರ್ಚ್ ಎಂಜಿನ್ ವಿಷಯಕ್ಕೆ ಬರುತ್ತೇನೆ. ಪಕ್ಕದ ಟೇಬಲ್ಲಿನ ಪಠ್ಯವನ್ನು ಒಂದು ಕಡೆ ಸೇರಿಸಿ ಇಟ್ಟ ಕ್ಷಣವೇ ಅದು ನಕಲು. ನಕಲು ಎಲ್ಲಿ ಕೂತಿದೆ ಅನ್ನುವುದು ಮುಖ್ಯ ಅಲ್ಲ. ಮೂಲ ಬದಲಾದಾಗ ಅದಕ್ಕೆ ಸುದ್ದಿ ಮುಟ್ಟಿಸುವವರು ಯಾರು ಅನ್ನುವುದೇ ಪ್ರಶ್ನೆ. ಎಲಾಸ್ಟಿಕ್‌ಸರ್ಚ್‌ನಂಥ ಪ್ರತ್ಯೇಕ ಸರ್ಚ್ ಎಂಜಿನ್ ತಂದರೂ ಇದೇ ಪೋಸ್ಟ್-ಸೇವ್ ಸಿಗ್ನಲ್ ಅದಕ್ಕೆ ಸುದ್ದಿ ಕಳಿಸುತ್ತಿತ್ತು. ಇವೇ ತೂತುಗಳು, ಜೊತೆಗೆ ನೋಡಿಕೊಳ್ಳಲು ಇನ್ನೊಂದು ಸರ್ವರ್. ಒಬ್ಬರೇ ಅರೆಕಾಲಿಕವಾಗಿ ನೋಡಿಕೊಳ್ಳುವ ಸೈಟಿಗೆ ಅದು ಬೇಡದ ಹೊರೆ.

ಸುದ್ದಿ ಮುಟ್ಟಿಸುವ ಕೆಲಸ ಪೈಥಾನ್ ಕೋಡಿನಲ್ಲಿ ಇರಬಾರದು, ಎಲ್ಲ ಬರವಣಿಗೆಯೂ ಹಾದುಹೋಗುವ ಜಾಗದಲ್ಲಿ ಇರಬೇಕು. ಅಡ್ಮಿನ್, ಸ್ಕ್ರಿಪ್ಟ್, ಕಾಪಿ ಕಮಾಂಡ್, ಮೂರೂ ಕೊನೆಗೆ ಹೋಗುವುದು ಡೇಟಾಬೇಸ್‌ಗೇ. ಹಾಗಾಗಿ ಟ್ರಿಗರ್, ಅಂದರೆ ಟೇಬಲ್ ಬದಲಾದಾಗ ಡೇಟಾಬೇಸೇ ತಾನಾಗಿ ಓಡಿಸುವ ಕೋಡ್.

ಅದಕ್ಕೂ ಮೊದಲು ಇನ್ನೆರಡು ಸುಲಭದ ದಾರಿ ನೋಡಿದೆ. ಬೇರೆ ಕಾಲಂಗಳಿಂದ ತಾನೇ ಲೆಕ್ಕವಾಗುವ ಜನರೇಟೆಡ್ ಕಾಲಂ ಪೋಸ್ಟ್‌ಗ್ರೆಸ್ 12ರಲ್ಲಿ, 2019ರಲ್ಲಿ ಬಂತು. ಜಾಂಗೊ 5.0ರಲ್ಲಿ, 2023ರ ಡಿಸೆಂಬರ್‌ನಲ್ಲಿ, ಅದಕ್ಕೆ ಜನರೇಟೆಡ್‌ಫೀಲ್ಡ್ ಅಂತ ಬಂತು. ಒಂದೇ ಟೇಬಲ್ಲಿನ ಶೀರ್ಷಿಕೆ, ಟಿಪ್ಪಣಿ ಹುಡುಕಲು ಅದಕ್ಕಿಂತ ಚೆಂದದ್ದು ಇಲ್ಲ. ಆದರೆ ಅದಕ್ಕೆ ತನ್ನ ಸಾಲು ಬಿಟ್ಟು ಬೇರೇನೂ ಕಾಣುವುದಿಲ್ಲ. ಪಕ್ಕದ ಟೇಬಲ್ ಅಂದ ಕೂಡಲೇ ಅದು ಕೆಲಸಕ್ಕೆ ಬಾರದು. ಎರಡನೆಯದು ಮೆಟೀರಿಯಲೈಸ್ಡ್ ವ್ಯೂ. ಎಲ್ಲ ಜೋಡಿಸಿದ ಫಲಿತಾಂಶವನ್ನೇ ಟೇಬಲ್ಲಿನ ಹಾಗೆ ಇಟ್ಟು, ಆಗಾಗ ಪೂರ್ತಿ ಹೊಸದು ಮಾಡುವುದು. ಯೂನಿಕ್ ಇಂಡೆಕ್ಸ್ ಒಂದಿದ್ದರೆ ಓದುವವರನ್ನು ತಡೆಯದೆ ಹೊಸದು ಮಾಡಬಹುದು. ದಿನಕ್ಕೊಮ್ಮೆ ಬದಲಾದರೆ ಸಾಕು ಅನ್ನುವ ಕ್ಯಾಟಲಾಗ್‌ಗೆ ನಾನು ಇದನ್ನೇ ಹೇಳುತ್ತೇನೆ. ಇಲ್ಲಿ ಸಿಬ್ಬಂದಿ ನಮೂದಿಸಿದ ಕೂಡಲೇ ಹುಡುಕಿ ನೋಡಿ, ಬಂತಾ ಅಂತ ಖಾತ್ರಿ ಮಾಡಿಕೊಳ್ಳುತ್ತಾರೆ. ಬರದಿದ್ದರೆ ಮತ್ತೆ ಸೇವ್ ಒತ್ತಲು ಶುರುಮಾಡುತ್ತಾರೆ.

ವೆಕ್ಟರ್‌ಗೆ ಬೇರೆ ಮನೆ

ಟ್ರಿಗರ್ ಹಾಕುವುದು ಅಂತ ಆದ ಮೇಲೂ ವೆಕ್ಟರನ್ನು ಪುಸ್ತಕದ ಟೇಬಲ್ಲಿನಲ್ಲಿ ಇಡಬಾರದು ಅಂತ ತೀರ್ಮಾನಿಸಿದೆ. ಕಾರಣ ಜಾಂಗೊದ ಸೇವ್. ನಾವು ಬೇರೆ ಹೇಳದಿದ್ದರೆ ಅದು ಎಲ್ಲ ಕಾಲಂಗಳನ್ನೂ ವಾಪಸ್ ಬರೆಯುತ್ತದೆ, ಮುಟ್ಟದೇ ಇದ್ದವನ್ನೂ. ಪುಸ್ತಕ ಕೊಡುವ ಕೌಂಟರಿನಲ್ಲಿ ಹೀಗಾಗಬಹುದು: ಕೋಡ್ ಪುಸ್ತಕದ ಸಾಲನ್ನು ಓದಿಕೊಳ್ಳುತ್ತದೆ, ವೆಕ್ಟರ್ ಸಮೇತ. ಅಷ್ಟರಲ್ಲಿ ಒಳಗಿನ ಕೋಣೆಯಲ್ಲಿ ಯಾರೋ ಲೇಖಕರ ಹೆಸರು ತಿದ್ದುತ್ತಾರೆ. ಟ್ರಿಗರ್ ಬಂದು ವೆಕ್ಟರ್ ಹೊಸದು ಮಾಡುತ್ತದೆ. ಈಗ ಕೌಂಟರಿನ ಕೋಡ್ ಉಳಿದ ಪ್ರತಿಗಳ ಸಂಖ್ಯೆಯಲ್ಲಿ ಒಂದು ಕಳೆದು ಸೇವ್ ಮಾಡುತ್ತದೆ. ಅದರ ಕೈಯಲ್ಲಿದ್ದ ಹಳೇ ವೆಕ್ಟರ್ ಹೊಸದರ ಮೇಲೆ ಕೂರುತ್ತದೆ. ಯಾವ ಎರರ್ ಕೂಡ ಬರುವುದಿಲ್ಲ. ತಿಂಗಳುಗಟ್ಟಲೆ ಹುಡುಕಿದರೂ ಕಾರಣ ಸಿಗದಂಥ ತಪ್ಪು ಇದು.

ಇದರ ಜೊತೆಗೆ, ಕಾಲಂ ಪುಸ್ತಕದಲ್ಲೇ ಇದ್ದರೆ ಪಟ್ಟಿ ತೋರಿಸುವ ಪ್ರತಿ ಪುಟಕ್ಕೂ ಜಾಂಗೊ ವೆಕ್ಟರನ್ನು ಎಳೆದು ತರುತ್ತದೆ. ಈ ಕಾಲಂ ತರಬೇಡ ಅಂತ ಎಲ್ಲ ಕಡೆ ಡಿಫರ್ ಹಾಕುತ್ತಾ ಕೂರಬೇಕು.

ಹಾಗಾಗಿ "ಪುಸ್ತಕ ಹುಡುಕಾಟ" ಅಂತ ಪ್ರತ್ಯೇಕ ಟೇಬಲ್. ಒಂದು ಪುಸ್ತಕಕ್ಕೆ ಒಂದೇ ಸಾಲು (ಒನ್-ಟು-ಒನ್), ಪುಸ್ತಕದ ಐಡಿಯೇ ಅದರ ಪ್ರೈಮರಿ ಕೀ. ಒಳಗೆ ವೆಕ್ಟರ್ ಮಾತ್ರ, ಅದರ ಮೇಲೆ ಜಿನ್ ಇಂಡೆಕ್ಸ್. ಜಾಂಗೊ ಇದನ್ನು ಓದುತ್ತದೆ, ಬರೆಯುವುದಿಲ್ಲ. ಹುಡುಕುವಾಗ ಒಂದು ಜಾಯಿನ್ ಜಾಸ್ತಿ. ಒಂದಕ್ಕೆ ಒಂದೇ ಸಾಲು ಇರುವುದರಿಂದ ಅದು ಲೆಕ್ಕಕ್ಕೇ ಬರುವುದಿಲ್ಲ.

ಡೇಟಾಬೇಸಿನಲ್ಲಿ ಒಂದು ಫಂಕ್ಷನ್ ಬರೆದೆ. ಪುಸ್ತಕದ ಐಡಿಗಳ ಪಟ್ಟಿ ಕೊಟ್ಟರೆ ಅವುಗಳ ವೆಕ್ಟರ್ ಹೊಸದು ಮಾಡುವುದು ಅದರ ಕೆಲಸ. ಪುಸ್ತಕ, ಕೊಂಡಿ, ಲೇಖಕ, ಬೇರೆ ಹೆಸರು, ವಿಷಯ, ಪ್ರತಿ ಟೇಬಲ್ಲಿನ ಟ್ರಿಗರ್ ಮಾಡುವುದು ಇಷ್ಟೇ: ಈ ಬದಲಾವಣೆ ಯಾವ ಪುಸ್ತಕಗಳಿಗೆ ತಟ್ಟುತ್ತದೆ ಅಂತ ಕಂಡುಹಿಡಿದು ಆ ಫಂಕ್ಷನ್ ಕರೆಯುವುದು. ಕೊಂಡಿಯ ಸಾಲು ಒಂದು ಪುಸ್ತಕದಿಂದ ಇನ್ನೊಂದಕ್ಕೆ ಸರಿದರೆ ಹಳೆಯದೂ ಹೊಸದೂ ಎರಡೂ ಪಟ್ಟಿಗೆ ಬರಬೇಕು. ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ.

ಪೋಸ್ಟ್‌ಗ್ರೆಸ್ಸಿನಲ್ಲೇ ಸಿದ್ಧವಾಗಿ ಸಿಗುವ ಒಂದು ಟಿಎಸ್‌ವೆಕ್ಟರ್ ಟ್ರಿಗರ್ ಇದೆ. ಅದಕ್ಕೆ ತನ್ನ ಟೇಬಲ್ಲಿನ ಕಾಲಂಗಳು ಮಾತ್ರ ಗೊತ್ತು, ಹಾಗಾಗಿ ಇಲ್ಲಿ ಉಪಯೋಗಕ್ಕೆ ಬರಲಿಲ್ಲ. ನಾವೇ ಬರೆಯುವಾಗ ಸಾಲಿಗೊಂದು ಸಲ ಓಡುವ ಟ್ರಿಗರ್ ಬೇಡ ಅನ್ನಿಸಿತು. ಕಾಪಿ ಕಮಾಂಡಿನಿಂದ ಸಾವಿರಾರು ಕೊಂಡಿ ಒಟ್ಟಿಗೆ ಬಂದರೆ ಒಂದೇ ಪುಸ್ತಕದ ವೆಕ್ಟರನ್ನು ಲೇಖಕರಿಗೊಂದು ಸಲ ಮಾಡುತ್ತಾ ಕೂರುತ್ತದೆ. ಸ್ಟೇಟ್‌ಮೆಂಟಿಗೆ, ಅಂದರೆ ಡೇಟಾಬೇಸ್‌ಗೆ ಕೊಟ್ಟ ಒಂದು ಆದೇಶಕ್ಕೆ, ಒಂದೇ ಸಲ ಓಡಿ, ಬದಲಾದ ಎಲ್ಲ ಸಾಲನ್ನೂ ಒಟ್ಟಿಗೆ ಕೊಡುವ ಟ್ರಾನ್ಸಿಷನ್ ಟೇಬಲ್ ಸೌಲಭ್ಯ ಪೋಸ್ಟ್‌ಗ್ರೆಸ್ 10ರಿಂದ ಇದೆ. ಅದಕ್ಕೆ ಇನ್ಸರ್ಟ್, ಅಪ್‌ಡೇಟ್, ಡಿಲೀಟ್ ಮೂರಕ್ಕೂ ಬೇರೆ ಬೇರೆ ಟ್ರಿಗರ್ ಬರೆಯಬೇಕು, ಒಂದರಲ್ಲಿ ಸೇರಿಸಲು ಬಿಡುವುದಿಲ್ಲ. "ಹೆಸರು ಕಾಲಂ ಬದಲಾದರೆ ಮಾತ್ರ" ಅಂತ ಟ್ರಿಗರಿನ ತಲೆಯಲ್ಲಿ ಹೇಳಲೂ ಬಿಡುವುದಿಲ್ಲ. ಆದ್ದರಿಂದ ಒಳಗೆ ಹಳೇ ಹೆಸರು, ಹೊಸ ಹೆಸರು ಹೋಲಿಸಿ, ಬೇರೆಯಾಗಿದ್ದವನ್ನು ಮಾತ್ರ ತೆಗೆದುಕೊಂಡೆ. ಇಲ್ಲದಿದ್ದರೆ ಲೇಖಕರ ಫೋಟೋ ಬದಲಿಸಿದರೂ ಅವರ ಅಷ್ಟೂ ಪುಸ್ತಕಗಳ ವೆಕ್ಟರ್ ಹೊಸದಾಗುತ್ತಿತ್ತು.

ಇಬ್ಬರು ಒಂದೇ ಹೊತ್ತಿಗೆ ಒಂದೇ ಪುಸ್ತಕ ಮುಟ್ಟಿದರೆ? ಒಬ್ಬರು ಶೀರ್ಷಿಕೆ ತಿದ್ದುತ್ತಿದ್ದಾರೆ, ಇನ್ನೊಬ್ಬರು ಲೇಖಕರನ್ನು ಸೇರಿಸುತ್ತಿದ್ದಾರೆ. ಇನ್ನೂ ಕಮಿಟ್ ಆಗದ, ಅಂದರೆ ಖಾಯಂ ಆಗದ, ಬದಲಾವಣೆ ಒಬ್ಬರದು ಇನ್ನೊಬ್ಬರಿಗೆ ಕಾಣುವುದಿಲ್ಲ. ಇಬ್ಬರೂ ಅರ್ಧ ಹಳೆಯದನ್ನು ಹಿಡಿದು ವೆಕ್ಟರ್ ಮಾಡುತ್ತಾರೆ, ಕೊನೆಗೆ ಬರೆದವರದ್ದು ಉಳಿಯುತ್ತದೆ. ಇದಕ್ಕೆ ಫಂಕ್ಷನ್‌ನಲ್ಲಿ ಎರಡು ಹೆಜ್ಜೆ ಮಾಡಿದೆ. ಮೊದಲು ಹುಡುಕಾಟದ ಟೇಬಲ್ಲಿನ ಸಾಲುಗಳಿಗೆ ಐಡಿ ಕ್ರಮದಲ್ಲಿ ಲಾಕ್, ಅಂದರೆ ಒಬ್ಬರದು ಮುಗಿಯುವವರೆಗೆ ಇನ್ನೊಬ್ಬರು ಕಾಯಬೇಕು. ಆಮೇಲೆ, ಪ್ರತ್ಯೇಕ ಸ್ಟೇಟ್‌ಮೆಂಟಾಗಿ, ವೆಕ್ಟರ್ ಲೆಕ್ಕ ಹಾಕುವುದು. ಬೇರೆ ಹೇಳದಿದ್ದರೆ ಪೋಸ್ಟ್‌ಗ್ರೆಸ್ ಬಳಸುವ ರೀಡ್ ಕಮಿಟೆಡ್ ಕ್ರಮದಲ್ಲಿ ಪ್ರತಿ ಸ್ಟೇಟ್‌ಮೆಂಟೂ ಹೊಸದಾಗಿ ನೋಡುತ್ತದೆ. ಹಾಗಾಗಿ ಲಾಕ್‌ಗೆ ಕಾದವರು ಕಾದು ಮುಗಿದ ಮೇಲೆ ನೋಡಿದಾಗ ಮೊದಲಿನವರು ಮಾಡಿದ ಬದಲಾವಣೆ ಕಾಣುತ್ತದೆ. ಎರಡನ್ನೂ ಒಂದೇ ಸ್ಟೇಟ್‌ಮೆಂಟಿನಲ್ಲಿ ಬರೆದರೆ ಚಿಕ್ಕದಾಗಿ ಕಾಣುತ್ತದೆ, ಆದರೆ ಈ ಲಾಭ ಸಿಗುವುದಿಲ್ಲ.

ಇಷ್ಟಾದರೂ ಒಂದು ಸಂದಿ ಉಳಿಯಿತು. ಒಬ್ಬರು ಲೇಖಕರ ಹೆಸರು ತಿದ್ದಿ ಇನ್ನೂ ಕಮಿಟ್ ಆಗಿಲ್ಲ. ಅದೇ ಹೊತ್ತಿಗೆ ಇನ್ನೊಬ್ಬರು ಹೊಸ ಪುಸ್ತಕಕ್ಕೆ ಆ ಲೇಖಕರನ್ನು ಕೊಂಡಿ ಹಾಕುತ್ತಾರೆ. ಹೊಸ ಪುಸ್ತಕಕ್ಕೆ ಕಾಣುವುದು ಹಳೇ ಹೆಸರು. ಹೆಸರು ತಿದ್ದಿದವರಿಗೆ ಹೊಸ ಪುಸ್ತಕ ಕಾಣುವುದೇ ಇಲ್ಲ. ಇಬ್ಬರೂ ಒಂದೇ ಲಾಕ್‌ಗೆ ಬರುವುದಿಲ್ಲ. ಇದನ್ನೂ ಮುಚ್ಚಬಹುದು, ಲೇಖಕರ ಸಾಲಿಗೂ ಲಾಕ್ ಹಾಕಿ. ಇಷ್ಟು ಚಿಕ್ಕ ಕಚೇರಿಗೆ ಅದು ಅತಿಯಾಯಿತು ಅನ್ನಿಸಿತು. ಬದಲಿಗೆ ರಾತ್ರಿ ಒಂದು ಕಮಾಂಡ್ ಓಡುತ್ತದೆ. ಎಲ್ಲ ಪುಸ್ತಕದ ವೆಕ್ಟರನ್ನು ಮತ್ತೆ ಲೆಕ್ಕ ಹಾಕಿ, ಇಟ್ಟಿರುವುದರ ಜೊತೆ ಹೋಲಿಸಿ, ಬೇರೆ ಇದ್ದರೆ ತಿದ್ದಿ ಲಾಗ್‌ನಲ್ಲಿ ಬರೆಯುತ್ತದೆ. ಟ್ರಿಗರ್ ಎಲ್ಲಾದರೂ ಸೋರುತ್ತಿದೆಯಾ ಅಂತ ನೋಡಲೂ ಅದೇ ಲಾಗ್.

ಟ್ರಿಗರ್‌ಗಳೆಲ್ಲ ಮೈಗ್ರೇಷನ್ (ಡೇಟಾಬೇಸಿನ ರಚನೆ ಬದಲಿಸುವ ಜಾಂಗೊ ಫೈಲು) ಒಳಗೆ ಎಸ್‌ಕ್ಯೂಎಲ್ ಆಗಿ, ಅಂದರೆ ಡೇಟಾಬೇಸಿನ ಭಾಷೆಯಲ್ಲಿ, ಕೂತಿವೆ. ಮುಂದೆ ಬರುವವರಿಗೆ ಪೈಥಾನ್ ಕೋಡ್ ಓದಿದರೆ ಇದು ಕಾಣುವುದಿಲ್ಲ ಅನ್ನುವುದು ಟ್ರಿಗರ್ ವಿರುದ್ಧ ಇರುವ ನ್ಯಾಯವಾದ ದೂರು. ಮಾಡೆಲ್‌ನ ಮೇಲೆ ಉದ್ದದ ಕಾಮೆಂಟ್ ಬರೆದಿದ್ದೇನೆ. ಮೈಗ್ರೇಷನ್ ಬಿಟ್ಟು ವೇಗವಾಗಿ ಟೆಸ್ಟ್ ಓಡಿಸುವ ಅಭ್ಯಾಸ ಇರುವವರು ಹುಷಾರು, ಆ ಟೆಸ್ಟ್ ಡೇಟಾಬೇಸಿನಲ್ಲಿ ಟ್ರಿಗರ್‌ಗಳೇ ಇರುವುದಿಲ್ಲ.

ಪ್ರಕಾಶಕರನ್ನು ಹೊರಗಿಟ್ಟಿದ್ದು

ಪಕ್ಕದ ಟೇಬಲ್ಲಿನದ್ದೆಲ್ಲ ವೆಕ್ಟರ್‌ಗೆ ಬರಬೇಕೆಂದೇನೂ ಇಲ್ಲ. ಹಳೇ ಕೋಡಿನಲ್ಲಿ ಪ್ರಕಾಶಕರ ಹೆಸರೂ ಸೇರಿತ್ತು. ಕನ್ನಡ ಸಾಹಿತ್ಯ ಪರಿಷತ್ತು, ಸಾಹಿತ್ಯ ಅಕಾಡೆಮಿ, ಯಾವುದೋ ಪ್ರಕಾಶನ, ಇನ್ನಾವುದೋ ಪುಸ್ತಕ ಭಂಡಾರ. "ಸಾಹಿತ್ಯ" ಅಂತ ಹುಡುಕಿದರೆ ಪರಿಷತ್ತು ತಂದ ಪ್ರತಿ ಪುಸ್ತಕವೂ ಬಂದು ನಿಲ್ಲುತ್ತಿತ್ತು, ಅದು ವ್ಯಾಕರಣದ್ದಾಗಿರಲಿ, ನಿಘಂಟಾಗಿರಲಿ. "ಕನ್ನಡ" ಅಂತ ಹುಡುಕಿದವರ ಗತಿ ಹೇಳುವುದೇ ಬೇಡ. ಪ್ರಕಾಶಕರನ್ನು ಪಕ್ಕದಲ್ಲಿ ಆರಿಸಿಕೊಳ್ಳುವ ಫಿಲ್ಟರ್ ಮಾಡಿ, ವೆಕ್ಟರ್‌ನಿಂದ ತೆಗೆದೆ. ಪ್ರಕಾಶಕರೊಬ್ಬರ ಹೆಸರು ತಿದ್ದಿದರೆ ಸಾವಿರಾರು ಪುಸ್ತಕಗಳನ್ನು ಹೊಸದು ಮಾಡುವ ಕೆಲಸವೂ ತಪ್ಪಿತು.

ಕನ್ನಡದ ಅಕ್ಷರಗಳು

ಪದದ ಪ್ರತ್ಯಯ ಕಳಚಿ ಮೂಲ ರೂಪಕ್ಕೆ ತರುವುದು ಸ್ಟೆಮ್ಮರ್. ಪೋಸ್ಟ್‌ಗ್ರೆಸ್‌ಗೆ ತಮಿಳಿನ ಸ್ಟೆಮ್ಮರ್ 12ನೇ ಆವೃತ್ತಿಯಲ್ಲಿ, ಹಿಂದಿಯದು 14ರಲ್ಲಿ ಬಂತು. ಕನ್ನಡದ್ದು ಅದರ ಜೊತೆಗೆ ಬರುವುದಿಲ್ಲ. ಹಾಗಾಗಿ ಸಿಂಪಲ್ ಅನ್ನುವ ಸಂರಚನೆ ಬಳಸಬೇಕು, ಅದು ಪದವನ್ನು ಇದ್ದ ಹಾಗೇ ಇಡುತ್ತದೆ. ಬೆಂಗಳೂರು, ಬೆಂಗಳೂರಿನ, ಬೆಂಗಳೂರಿನಲ್ಲಿ, ಮೂರೂ ಅದರ ಪಾಲಿಗೆ ಬೇರೆ ಪದಗಳು. ಪೂರ್ತಿ ಪರಿಹಾರ ಇದಕ್ಕಿಲ್ಲ. ಹುಡುಕುವ ಪದದ ಕೊನೆಯ ಸ್ವರಚಿಹ್ನೆ ತೆಗೆದು, "ಬೆಂಗಳೂರ" ಅಂತ ಶುರುವಾಗುವುದೆಲ್ಲ ಕೊಡು ಅಂತ ಕೇಳಿದರೆ ಮೂರೂ ಸಿಗುತ್ತವೆ. ಹೀಗೆ ಕೇಳಲು ಕ್ವೆರಿಯನ್ನು ನಾವೇ ಕಟ್ಟಬೇಕು. ಓದುಗರು ಟೈಪ್ ಮಾಡಿದ ಆಂಪರ್‌ಸಂಡ್, ಕೋಟ್ ಚಿಹ್ನೆಗಳನ್ನು ಮೊದಲು ಗುಡಿಸಿ ಹಾಕದಿದ್ದರೆ ಸಿಂಟ್ಯಾಕ್ಸ್ ಎರರ್ ಆಗಿ ಪುಟವೇ ಬಿದ್ದುಹೋಗುತ್ತದೆ.

ಕಣ್ಣಿಗೆ ಕಾಣದ ತೊಂದರೆ ಇನ್ನೆರಡು ಇದ್ದವು. "ಅನಸೂಯಾ ಶಂಕರ್" ಅನ್ನುವುದನ್ನು ಒಬ್ಬರು ಕೊನೆಯಲ್ಲಿ ಝಡ್‌ಡಬ್ಲ್ಯೂಎನ್‌ಜೆ (ಅಕ್ಷರಗಳು ಒತ್ತಕ್ಷರವಾಗಿ ಸೇರದಂತೆ ತಡೆಯುವ, ಕಣ್ಣಿಗೆ ಕಾಣದ ಚಿಹ್ನೆ) ಸೇರಿಸಿ ಬರೆದಿದ್ದರು, ಇನ್ನೊಬ್ಬರು ಇಲ್ಲದೆ. ತೆರೆಯ ಮೇಲೆ ಎರಡೂ ಒಂದೇ. ಡೇಟಾಬೇಸಿಗೆ ಬೇರೆ ಬೇರೆ. ಹಳೇ ನುಡಿ, ಬರಹ ಫೈಲುಗಳಿಂದ ಯುನಿಕೋಡ್‌ಗೆ ಬದಲಿಸಿ ತಂದ ಪಟ್ಟಿಯಲ್ಲಿ ಇದು ತುಂಬಾ ಇತ್ತು. ಎರಡನೆಯದು ಒ-ಕಾರ. "ಕೊ" ಅನ್ನುವುದರ ಸ್ವರವನ್ನು ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಎ-ಕಾರ ಮತ್ತು ಊ-ಕಾರದ ಚಿಹ್ನೆ ಸೇರಿಸಿಯೂ ಬರೆಯಬಹುದು. ಯುನಿಕೋಡ್‌ನ ಎನ್‌ಎಫ್‌ಸಿ ಅನ್ನುವ ಒಂದೇ ರೂಪಕ್ಕೆ ತಂದರೆ ಎರಡೂ ಒಂದಾಗುತ್ತವೆ. ಇದಕ್ಕೆ ಬೇಕಾದ ನಾರ್ಮಲೈಸ್ ಫಂಕ್ಷನ್ ಪೋಸ್ಟ್‌ಗ್ರೆಸ್ 13ರಿಂದ ಎಸ್‌ಕ್ಯೂಎಲ್‌ನಲ್ಲೇ ಇದೆ. ಟ್ರಿಗರ್ ಒಳಗಿಂದಲೇ ಕರೆಯಬಹುದಾದ್ದರಿಂದ ಇದು ದೊಡ್ಡ ಅನುಕೂಲ.

ಒಂದೇ ಶುದ್ಧಿ ಫಂಕ್ಷನ್ ಮಾಡಿದೆ: ಎನ್‌ಎಫ್‌ಸಿ, ಕಾಣದ ಚಿಹ್ನೆಗಳನ್ನು ತೆಗೆಯುವುದು, ಚುಕ್ಕಿಯ ಜಾಗದಲ್ಲಿ ಖಾಲಿ ಜಾಗ. ಚುಕ್ಕಿ ಯಾಕೆ ಅಂದರೆ ಇನಿಷಿಯಲ್‌ಗಳು. "ದ.ರಾ. ಬೇಂದ್ರೆ", "ದ. ರಾ. ಬೇಂದ್ರೆ" ಎರಡೂ ಒಂದೇ ರೀತಿ ಒಡೆಯಬೇಕು. ಇಂಗ್ಲಿಷ್ ಇನಿಷಿಯಲ್‌ಗಳ ನಡುವೆ ಜಾಗ ಬಿಡದೆ ಚುಕ್ಕಿ ಹಾಕಿದರೆ ಪಠ್ಯವನ್ನು ಪದಗಳಾಗಿ ಒಡೆಯುವ ಪಾರ್ಸರ್ ಅದನ್ನು ವೆಬ್ ವಿಳಾಸ ಅಂದುಕೊಳ್ಳಬಹುದು. ವೆಕ್ಟರ್ ಮಾಡುವಾಗಲೂ ಹುಡುಕುವಾಗಲೂ ಇದೇ ಫಂಕ್ಷನ್ ಓಡಬೇಕು. ಪೈಥಾನ್‌ನಲ್ಲಿ ಒಂದು, ಎಸ್‌ಕ್ಯೂಎಲ್‌ನಲ್ಲಿ ಇನ್ನೊಂದು ಇಟ್ಟುಕೊಂಡರೆ ಒಂದು ದಿನ ಅವೆರಡೂ ಬೇರೆ ಬೇರೆ ದಾರಿ ಹಿಡಿಯುತ್ತವೆ. ಮೂಲ ಟೇಬಲ್ಲಿನ ಹೆಸರನ್ನು ಮಾತ್ರ ಮುಟ್ಟಲಿಲ್ಲ. ಕೆಲವು ಕಡೆ ಆ ಕಾಣದ ಚಿಹ್ನೆ ತೆಗೆದರೆ ಒತ್ತಕ್ಷರವಾಗಿ ಓದಲು ಅಸಹ್ಯವಾಗುತ್ತದೆ.

ಈಗ ಏನೂ ಸಿಗದ ಹುಡುಕಾಟಗಳನ್ನು ಒಂದು ಟೇಬಲ್ಲಿಗೆ ಬರೆಯುತ್ತಿದ್ದೇವೆ. ಗ್ರಂಥಪಾಲಕರು ವಾರಕ್ಕೊಮ್ಮೆ ಅದನ್ನು ನೋಡುತ್ತಾರೆ. ತಪ್ಪು ಕಾಗುಣಿತ, ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿದ ಕನ್ನಡ ಹೆಸರು, "ಅವರ" ಸೇರಿಸಿ ಬರೆದ ಹೆಸರು, ಇಂಥವು ಜಾಸ್ತಿ. ಅವನ್ನು ಅವರೇ "ಬೇರೆ ಹೆಸರು" ಟೇಬಲ್ಲಿಗೆ ಸೇರಿಸುತ್ತಾರೆ, ಒಂದೇ ಸಲ ಸೇವ್ ಒತ್ತಿ. ಆ ಲೇಖಕರ ಎಲ್ಲ ಪುಸ್ತಕಕ್ಕೂ ಅದು ಕೂಡಲೇ ಹೋಗುತ್ತದೆ. ವಿಷಯಗಳಿಗೂ ಹೀಗೇ ಬೇರೆ ಹೆಸರು ಬೇಕು, "ಅಡುಗೆ" ಅಂತ ಹುಡುಕಿದವರಿಗೆ "ಪಾಕಶಾಸ್ತ್ರ" ಸಿಗುತ್ತಿಲ್ಲ ಅಂತ ಅವರು ಕೇಳಿದ್ದಾರೆ. ಅದಕ್ಕೆ ಇನ್ನೊಂದು ಟೇಬಲ್, ಇನ್ನು ಮೂರು ಟ್ರಿಗರ್ ಬೇಕು. ಕೆಲಸ ಪಟ್ಟಿಯಲ್ಲಿದೆ.